ಚೀಲದ ಮೇಲೆ ಅಚ್ಚಾದ ತೂಕ

ಕಂಟೇನರಿನ ಬಾಗಿಲು ತೆರೆಯುವಾಗ ಎದುರಿಗೆ ನಿಲ್ಲಬಾರದು. ಗೋದಾಮಿನ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು. ದಾರಿಯುದ್ದಕ್ಕೂ ಕುಲುಕಾಡಿದ ಸರಕು ಬಾಗಿಲಿಗೇ ಒರಗಿ ನಿಂತಿರುತ್ತದೆ. ಅಗುಳಿ ಸಡಿಲವಾದೊಡನೆ ಮೇಲಿನ ಸಾಲು ಮುಗ್ಗರಿಸಿ ಬೀಳುತ್ತದೆ. ಬಾಗಿಲಿನ ಮರೆಯಲ್ಲಿ ನಿಂತು ಒಂದು ಗೇಣಿನಷ್ಟು ತೆರೆಯಿರಿ, ಒಳಗೆ ಇಣುಕಿ ನೋಡಿ, ಆಮೇಲೆ ಪೂರ್ತಿ ತೆರೆಯಿರಿ. ಹುಳು ಹಿಡಿಯದಿರಲೆಂದು ಔಷಧಿಯ ಹೊಗೆ ಹಾಕಿದ ಸರಕಾದರೆ, ಒಳಗಿನ ಗಾಳಿಯನ್ನು ಅಳೆದು ನೋಡಿ ಸರಿಯಿದೆ ಎಂದು ಹೇಳುವವರೆಗೆ ಕಾಲಿಡಲೇಬೇಡಿ. ಅವಸರ ಮಾಡುವವರು ಇದ್ದೇ ಇರುತ್ತಾರೆ. ಅವರು ಕಾಯಲಿ.

ನಾನು ಹೇಳಬೇಕೆಂದಿರುವುದು ತೂಕದ ವಿಷಯ. ಪೆಟ್ಟಿಗೆಯ ಮೇಲೆ 20 ಕೆಜಿ ಎಂದು ಅಚ್ಚಾಗಿದ್ದರೆ ಅದು ತಕ್ಕಡಿಗೆ 20 ಕೆಜಿ, ನನ್ನ ಸೊಂಟಕ್ಕಲ್ಲ. ನಲವತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 12 ಮೀಟರ್ ಉದ್ದ, 2.35 ಮೀಟರ್ ಅಗಲದ ಜಾಗವಿದೆ. ಪ್ಯಾಲೆಟ್, ಅಂದರೆ ಸರಕು ಒಟ್ಟುವ ಮರದ ಮಣೆ, ಇಲ್ಲದೆ ನೆಲದಿಂದ ಚಾವಣಿಯವರೆಗೆ ಪೇರಿಸಿದ ಪೆಟ್ಟಿಗೆಗಳನ್ನು ಇಳಿಸುವಾಗ ಎದೆಯ ಮಟ್ಟದಲ್ಲಿರುವುದು ಸಲೀಸಾಗಿ ಕೈಗೆ ಬರುತ್ತದೆ. ಅದೇ ಪೆಟ್ಟಿಗೆ ತಲೆಗಿಂತ ಮೇಲಿದ್ದರೆ ಬೆರಳ ತುದಿಯಲ್ಲಿ ಎಳೆದು ಬೀಳುವ ಹೊರೆಯನ್ನು ಹಿಡಿಯಬೇಕು. ನೆಲದ ಸಾಲು ಬಂದಾಗ ಪಾಳಿಯ ಕೊನೆ. ಒಳಗೆ ತಗಡು ಕಾದಿರುತ್ತದೆ, ಅಂಗಿ ಬೆನ್ನಿಗೆ ಅಂಟಿರುತ್ತದೆ.

ಇದನ್ನು ಲೆಕ್ಕಕ್ಕೆ ತಂದವರಿದ್ದಾರೆ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯೊಂದು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಹೊರೆ 23 ಕೆಜಿ. ಅನುಕೂಲವೆಂದರೆ ಹೊರೆ ಮೈಗೆ ಹತ್ತಿರವಿರಬೇಕು, ಹಿಡಿದ ಕೈ ಕಣಕಾಲಿನಿಂದ ಸುಮಾರು 25 ಸೆಂಟಿಮೀಟರ್ ಅಂತರದಲ್ಲಿರಬೇಕು, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಸೊಂಟ ತಿರುಚಬಾರದು. ಅಂತರ 50 ಸೆಂಟಿಮೀಟರ್ ಆದರೆ ಮಿತಿ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ನೆಲದಿಂದ ಎತ್ತಿ, 45 ಡಿಗ್ರಿ ಸೊಂಟ ತಿರುಚಿದರೆ ಉಳಿಯುವುದು 8 ಕೆಜಿಗಿಂತಲೂ ಕಡಿಮೆ. ನಿಮಿಷಕ್ಕೆ ಎಷ್ಟು ಬಾರಿ ಎತ್ತುತ್ತೇವೆ ಎಂಬುದನ್ನು ಇನ್ನೂ ಸೇರಿಸಿಲ್ಲ. ಈ ಲೆಕ್ಕ ಓದಿದ ದಿನ ನನಗೆ ಸಮಾಧಾನವಾಯಿತು, ಸಿಟ್ಟೂ ಬಂತು. ಸಂಜೆಯ ನೋವು ನನ್ನ ಸೋಮಾರಿತನವಲ್ಲ ಎಂಬ ಸಮಾಧಾನ. ಇಷ್ಟು ಗೊತ್ತಿದ್ದೂ 50 ಕೆಜಿಯ ಮೂಟೆಯನ್ನು ಒಬ್ಬನ ಬೆನ್ನಿಗೆ ಏರಿಸುತ್ತಾರಲ್ಲ ಎಂಬ ಸಿಟ್ಟು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಮಾಡಿದ ಶಿಫಾರಸು ವಯಸ್ಕ ಗಂಡಸಿಗೆ 55 ಕೆಜಿಯ ಮಿತಿ ಹಾಕಿತ್ತು. ಆ ಮಿತಿಯ ನೆರಳಿನಲ್ಲಿ 50 ಕೆಜಿಯ ಮೂಟೆ ಹಾಯಾಗಿ ಕುಳಿತಿದೆ. ಯುರೋಪಿನ ಹಲವು ದೇಶಗಳಲ್ಲಿ ಸಿಮೆಂಟ್ ಈಗ 25 ಕೆಜಿಯ ಚೀಲದಲ್ಲಿ ಬರುತ್ತದೆ. ಎಲ್ಲ ಕಡೆಯೂ ಹಾಗಾಗಬೇಕು. ಆದರೆ ಕೂಲಿ ಟನ್ನಿನ ಲೆಕ್ಕದಲ್ಲಿರುವವರೆಗೆ ಅದೊಂದೇ ಸಾಲದು. ಸಣ್ಣ ಚೀಲ ಬಂದ ಕಡೆ ಎರಡೆರಡನ್ನು ಒಟ್ಟಿಗೆ ಹೊರುವವರನ್ನು ಕಂಡಿದ್ದೇನೆ, ಹೊರಿಸುವ ಮೇಸ್ತ್ರಿಗಳನ್ನೂ ಕಂಡಿದ್ದೇನೆ. ಗಂಟೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಮಾತ್ರ ಮನುಷ್ಯ ತನ್ನ ಬೆನ್ನಿನ ಮಾತು ಕೇಳುತ್ತಾನೆ.

ಹೊಸಬರು ಪೆಟ್ಟಿಗೆಯ ಎರಡು ಪಕ್ಕವನ್ನು ಅಂಗೈಯಿಂದ ಒತ್ತಿ ಎತ್ತುತ್ತಾರೆ. ಜಾರದಂತೆ ಹಿಡಿಯುವುದರಲ್ಲೇ ತೋಳಿನ ಅರ್ಧ ಶಕ್ತಿ ಮುಗಿಯುತ್ತದೆ. ಒಂದು ಕೈ ಹತ್ತಿರದ ಕೆಳಮೂಲೆಗೆ ಹೋಗಲಿ, ಇನ್ನೊಂದು ಅದಕ್ಕೆ ಕರ್ಣವಾಗಿ ಆಚೆ ಬದಿಯ ಮೇಲಿನ ಮೂಲೆಗೆ. ಪೆಟ್ಟಿಗೆಯನ್ನು ತುಸು ವಾಲಿಸಿ ಹೊಟ್ಟೆಗೆ ಒತ್ತಿಕೊಳ್ಳಿ. ತಿರುಗಬೇಕಾದಾಗ ಸೊಂಟವಲ್ಲ, ಪಾದ ತಿರುಗಲಿ. ಪ್ಯಾಲೆಟ್ಟಿನ ಮೇಲೆ ಮೂಲೆಗೆ ಮೂಲೆ ಕೂಡುವಂತೆ ನೇರವಾಗಿ ಒಟ್ಟಿ, ಏಕೆಂದರೆ ರಟ್ಟಿನ ಪೆಟ್ಟಿಗೆ ಭಾರ ಹೊರುವುದು ಹೆಚ್ಚಾಗಿ ಮೂಲೆಗಳ ಮೇಲೆ. ಇಟ್ಟಿಗೆಯಂತೆ ಅಡ್ಡಡ್ಡ ಜೋಡಿಸಿದ ಅಟ್ಟಿ ಅಲುಗದು ನಿಜ, ಆದರೆ ಕೆಳಗಿನ ಪೆಟ್ಟಿಗೆ ಬೇಗ ಕುಸಿಯುತ್ತದೆ. ಮೇಲಿನ ಒಂದು ಸಾಲನ್ನು ಮಾತ್ರ ಅಡ್ಡ ಹಾಕಿ, ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಎರಡೂ ಸಾಧಿಸುತ್ತದೆ.

ಹೊಸ ಯಂತ್ರ ಕೊಡಿಸುವವರೆಗೆ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಪ್ಯಾಲೆಟ್ ಒಂದರ ಎತ್ತರ ಸುಮಾರು 14 ಸೆಂಟಿಮೀಟರ್. ತುಂಬಬೇಕಾದ ಪ್ಯಾಲೆಟ್ಟಿನ ಕೆಳಗೆ ಒಂದೇ ಅಳತೆಯ, ಮುರಿಯದ ಖಾಲಿ ಪ್ಯಾಲೆಟ್ ಮೂರನ್ನು ಇಟ್ಟರೆ ಮೊದಲ ಸಾಲು ಮೊಣಕಾಲಿಗಿಂತ ಮೇಲಕ್ಕೆ ಬರುತ್ತದೆ, ಬಾಗುವುದು ತಪ್ಪುತ್ತದೆ. ಅಟ್ಟಿ ಎದೆಯ ಮಟ್ಟಕ್ಕೆ ಬಂದಾಗ ಫೋರ್ಕ್‌ಲಿಫ್ಟಿನವರನ್ನು ಕರೆದು, ಮೇಲಿನ ಪ್ಯಾಲೆಟ್ಟನ್ನು ಸರಕಿನ ಸಮೇತ ನೆಲಕ್ಕಿಳಿಸಿಕೊಂಡು ಉಳಿದ ಸಾಲು ತುಂಬಿ. ಮೇಸ್ತ್ರಿ ಸಮಯ ಹಾಳೆಂದು ಗೊಣಗಿದರೆ ಎರಡು ರೀತಿಯಲ್ಲೂ ಒಂದೊಂದು ಕಂಟೇನರ್ ಇಳಿಸಿ, ಗಡಿಯಾರವನ್ನು ಅವರ ಕೈಗೇ ಕೊಡಿ.