ಡೆಟ್ರಾಯಿಟ್ ಈಗ ಸುಧಾರಿಸಿದೆಯಾ?

ಅಮೆರಿಕದ ಡೆಟ್ರಾಯಿಟ್‌ನಿಂದ ದಾವಣಗೆರೆಗೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ಕಾಫಿ ಲೋಟ ಕೈಗೆ ಬರುವ ಮೊದಲೇ ಯಾರಾದರೂ ಕೇಳುತ್ತಾರೆ: "ನೀನಿರೋ ಊರು ಹಾಳು ಬಿದ್ದಿತ್ತಂತಲ್ಲ, ಈಗ ಸುಧಾರಿಸೈತೇನು?" ಯೂಟ್ಯೂಬಿನಲ್ಲಿ ಗಾಜು ಒಡೆದ ಕಟ್ಟಡಗಳನ್ನು ನೋಡಿರುತ್ತಾರೆ. ಈಚೆಗೆ ಅದೇ ಯೂಟ್ಯೂಬಿನಲ್ಲಿ ಅರಮನೆಯಂಥ ರೈಲ್ವೆ ಸ್ಟೇಷನ್ನನ್ನೂ ನೋಡಿರುತ್ತಾರೆ. ಯಾವುದನ್ನು ನಂಬೋದು ಅಂತ ಗೊಂದಲ.

ಎರಡನ್ನೂ ನಂಬಿ. ಚುಟುಕಾಗಿ ಹೇಳಬೇಕೆಂದರೆ, ಡೆಟ್ರಾಯಿಟ್‌ನ ಡೌನ್‌ಟೌನ್, ಅಂದರೆ ಊರ ನಡುವಿನ ವ್ಯಾಪಾರದ ಭಾಗ, ಸುಧಾರಿಸಿದೆ. ಊರು ಇನ್ನೂ ಸುಧಾರಿಸಿಕೊಳ್ಳುತ್ತಿದೆ.

ನಾನು ಇಲ್ಲಿಗೆ ಬಂದದ್ದು 2004ರಲ್ಲಿ, ಎಲ್ಲರ ಹಾಗೆ ಕಾರು ಕಂಪನಿಯ ಕೆಲಸಕ್ಕೆ. ಮನೆ ಮಾಡಿದ್ದು, ಮತ್ತೆ ಎಲ್ಲರ ಹಾಗೆ, ನೋವೈ ಎಂಬ ಉಪನಗರದಲ್ಲಿ. ಮೊದಲ ಸಲ ಡೌನ್‌ಟೌನ್ ನೋಡಲು ಹೋದದ್ದು ಒಂದು ಭಾನುವಾರ ಸಂಜೆ. ಮೂವತ್ತು ನಲವತ್ತು ಮಹಡಿಯ ಕಟ್ಟಡಗಳು, ಎಷ್ಟೋ ಕಡೆ ಒಂದು ದೀಪವೂ ಇಲ್ಲ. ರಸ್ತೆಯಲ್ಲಿ ಗಾಡಿಗಳೇ ಇಲ್ಲ, ಸಿಗ್ನಲ್ ಮಾತ್ರ ಸುಮ್ನೆ ಕೆಂಪು ಹಸಿರು ಆಗುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಊರಿನಿಂದ ಬಂದವನು ನಾನು. ಆದರೂ ಇಷ್ಟು ದೊಡ್ಡ ಖಾಲಿತನ ನೋಡಿರಲಿಲ್ಲ.

1950ರಲ್ಲಿ ಇಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2020ರ ಗಣತಿಯಲ್ಲಿ 6.4 ಲಕ್ಷ. ಇದಕ್ಕೆಲ್ಲ 1967ರಲ್ಲಿ ಪೊಲೀಸರಿಗೂ ಕಪ್ಪು ಜನರಿಗೂ ನಡುವೆ ನಡೆದ ಗಲಭೆಯೇ ಕಾರಣ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜನ ಖಾಲಿಯಾಗತೊಡಗಿದ್ದು ಅದಕ್ಕಿಂತ ಹತ್ತು ಹದಿನೈದು ವರ್ಷ ಮೊದಲೇ. ಕಾರ್ಖಾನೆಗಳು ಊರಾಚೆ ಹೋದವು, ಹೈವೇಗಳು ಬಂದವು, ಆ ಹೈವೇ ಹಿಡಿದು ಬಿಳಿಯರು ಉಪನಗರಗಳಿಗೆ ಹೋದರು. ಬ್ಲ್ಯಾಕ್ ಬಾಟಮ್ ಎಂಬ ಕಪ್ಪು ಜನರ ಕೇರಿಯನ್ನು ಪೂರ್ತಿ ನೆಲಸಮ ಮಾಡಿದ ಜಾಗದಲ್ಲೂ ಒಂದು ಹೈವೇ ಹಾದುಹೋಯಿತು. ಕೊನೆಗೆ 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್.

ಇಷ್ಟಾದರೂ ಹಳೆಯ ಕಟ್ಟಡಗಳು ಹೇಗೆ ಉಳಿದವು? ನನಗೆ ತೋಚುವ ಕಾರಣ ಸ್ವಲ್ಪ ವಿಚಿತ್ರ. ಕೆಡವೋದಕ್ಕೂ ದುಡ್ಡು ಬೇಕಲ್ವಾ? ದುಡ್ಡಿದ್ದ ಊರುಗಳು ಹಳೆಯದನ್ನು ಕೆಡವಿ ಗಾಜಿನ ಡಬ್ಬಗಳನ್ನು ಕಟ್ಟಿಕೊಂಡವು. ಇಲ್ಲಿ ಯಾರಿಗೂ ಆ ಜಾಗ ಬೇಕಿರಲಿಲ್ಲ. ಹಾಗಂತ ಎಲ್ಲವೂ ಉಳಿಯಲಿಲ್ಲ. ಇಡೀ ಊರು ಹಬ್ಬದ ಬಟ್ಟೆ ಕೊಳ್ಳುತ್ತಿದ್ದ ಹಡ್ಸನ್ಸ್ ಅಂಗಡಿಯನ್ನು 1998ರಲ್ಲಿ ಸಿಡಿಮದ್ದು ಇಟ್ಟು ಬೀಳಿಸಿದರು.

ನನಗೆ ತುಂಬಾ ಇಷ್ಟವಾದ ಕಥೆ ಮಿಷಿಗನ್ ಥಿಯೇಟರಿನದು. 1896ರಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ಕಾರು ಮಾಡಿದ್ದು ಬ್ಯಾಗ್ಲಿ ಅವೆನ್ಯೂನ ಒಂದು ಶೆಡ್ಡಿನಲ್ಲಿ. ಅದೇ ಜಾಗದಲ್ಲಿ 1926ರಲ್ಲಿ ಭಾರೀ ಸಿನಿಮಾ ಮಂದಿರ ಎದ್ದಿತು. ಸಿನಿಮಾ ನಿಂತ ಮೇಲೆ ಕೆಡವೋಣ ಎಂದರೆ ಅಂಟಿಕೊಂಡೇ ಇದ್ದ ಆಫೀಸು ಕಟ್ಟಡಕ್ಕೆ ಏಟು ಬೀಳುತ್ತಿತ್ತು. ಆ ಆಫೀಸಿನವರಿಗೋ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಥಿಯೇಟರಿನ ಹೊಟ್ಟೆ ಬಗೆದು ಒಳಗೆ ಪಾರ್ಕಿಂಗ್ ಮಾಡಿದರು. ಈಗಲೂ ಹಾಗೇ ಇದೆ. ಮೇಲೆ ಗಾರೆಯ ಹೂಬಳ್ಳಿಗಳ ಚಾವಣಿ, ಹರಿದ ಪರದೆಯ ಚೂರು. ಕೆಳಗೆ ಸಾಲಾಗಿ ಕಾರುಗಳು. ಕಾರು ಹುಟ್ಟಿದ ಜಾಗಕ್ಕೇ ಕಾರು ವಾಪಸ್ ಬಂದಿದೆ, ಸಿನಿಮಾ ನುಂಗಿಕೊಂಡು.

ಇನ್ನು ಆ ರೈಲ್ವೆ ಸ್ಟೇಷನ್. ಮಿಷಿಗನ್ ಸೆಂಟ್ರಲ್ ಶುರುವಾದದ್ದು 1913ರ ಕೊನೆಯಲ್ಲಿ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಕಟ್ಟಿದ ವಾಸ್ತುಶಿಲ್ಪಿಗಳದ್ದೇ ಕೈವಾಡ. 1988ರ ಜನವರಿಯಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ಮೂವತ್ತು ವರ್ಷ ಮಳೆ, ಹಿಮ, ಕಳ್ಳರು. ತಾಮ್ರದ ತಂತಿ, ಅಮೃತಶಿಲೆ, ಏನು ಸಿಕ್ಕರೆ ಅದನ್ನು ಕಿತ್ತುಕೊಂಡು ಹೋದರು. 2009ರಲ್ಲಿ ಕೆಡವಿ ಬಿಡಿ ಎಂದು ನಗರಸಭೆ ನಿರ್ಣಯವನ್ನೂ ಮಾಡಿತ್ತು. 2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡಿತು. ನೆಲಮಾಳಿಗೆಯಿಂದ ಲಕ್ಷಗಟ್ಟಲೆ ಗ್ಯಾಲನ್ ನೀರು ಎತ್ತಿದರು. ಕಲ್ಲು ಹಳೆಯದಕ್ಕೆ ಹೊಂದಬೇಕೆಂದು ಇಂಡಿಯಾನಾದಲ್ಲಿ ಮುಚ್ಚಿಹೋಗಿದ್ದ ಕಲ್ಲುಗಣಿಯನ್ನು ಮತ್ತೆ ತೆರೆಸಿದರು. ಕಾಯುವ ಹಾಲ್‌ನ ಕಮಾನಿನಲ್ಲಿ ಸುಮಾರು 29,000 ಟೈಲ್ ಬಿಲ್ಲೆಗಳಿವೆ. ಒಂದೊಂದನ್ನೂ ಪರೀಕ್ಷಿಸಿ ಸರಿಮಾಡಿದರು. ಈ ನಡುವೆ ಯಾರೋ ಹೆಸರು ಹೇಳದೆ ಫೋನ್ ಮಾಡಿದರಂತೆ. ಇಪ್ಪತ್ತು ವರ್ಷಕ್ಕೂ ಹಿಂದೆ ಹೋದ ಸ್ಟೇಷನ್ನಿನ ಗಡಿಯಾರ ಒಂದು ಸುಟ್ಟ ಕಟ್ಟಡದ ಗೋಡೆಗೆ ಒರಗಿಸಿಟ್ಟಿದೆ, ಬಂದು ತಗೊಂಡು ಹೋಗಿ ಅಂತ. ಕದ್ದದ್ದೋ ಕಾಪಾಡಿದ್ದೋ, ನೀವೇ ಹೇಳಿ.

2024ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಆ ವರ್ಷ ಬಂದಿದ್ದ ಸೋದರಮಾವನನ್ನು ಕರೆದುಕೊಂಡು ಹೋದೆ. ಅವರು ಮೂವತ್ತು ವರ್ಷ ಮಿಲ್ಲಿನಲ್ಲಿದ್ದವರು. ಚಾವಣಿಯನ್ನು ಕತ್ತೆತ್ತಿ ತುಂಬಾ ಹೊತ್ತು ನೋಡಿದರು. "ಬಾಳ ಚೆಂದ ಐತಪ್ಪ. ರೈಲು ಎಷ್ಟೊತ್ತಿಗೆ?"

"ರೈಲು ಬರಲ್ಲ ಮಾವ. ಈಗ ಇಲ್ಲಿ ಆಫೀಸುಗಳು."

ಮಾವ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಒಂದು ಕಟ್ಟಡ ಮತ್ತೆ ಏಳೋದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ನೋಡಿ. ಬುಕ್ ಕ್ಯಾಡಿಲಾಕ್ ಹೋಟೆಲ್ ಮುಚ್ಚಿದ್ದು 1984, ತೆರೆದದ್ದು 2008. ಬುಕ್ ಟವರ್ 2009ರಲ್ಲಿ ಖಾಲಿಯಾಗಿ 2023ರಲ್ಲಿ ತುಂಬಿತು. ಸ್ಟೇಷನ್ನಿಗೆ 36 ವರ್ಷ. ಇಷ್ಟೆಲ್ಲಕ್ಕೂ ದೊಡ್ಡ ದುಡ್ಡಿನ ಒಂದಿಬ್ಬರು ಮನಸ್ಸು ಮಾಡಬೇಕಾಯಿತು. ಅವರು ಮನಸ್ಸು ಬದಲಿಸಿದರೆ ಏನು ಗತಿ ಎಂಬ ಅಳುಕು ನನಗೆ ಇದ್ದೇ ಇದೆ.

ಆದರೆ ಜನರ ಬದುಕನ್ನು ಜಾಸ್ತಿ ಬದಲಿಸಿದ್ದು ಈ ಕಮಾನುಗಳಲ್ಲ, ಬೀದಿದೀಪ ಅಂತ ನನಗನಿಸುತ್ತದೆ. ಒಂದು ಕಾಲಕ್ಕೆ ಊರಿನ ಹತ್ತರಲ್ಲಿ ನಾಲ್ಕು ದೀಪ ಉರಿಯುತ್ತಿರಲಿಲ್ಲ. 2016ರ ಕೊನೆಯ ಹೊತ್ತಿಗೆ ಸುಮಾರು 65,000 ಹೊಸ ಎಲ್‌ಇಡಿ ದೀಪ ಹಾಕಿ ಮುಗಿಸಿದರು. ಅದಕ್ಕೆ ಸ್ಟೇಷನ್ನಿನಷ್ಟು ಸದ್ದುಗದ್ದಲ ಆಗಲಿಲ್ಲ. 2023ರಲ್ಲಿ, 1950ರ ದಶಕದ ನಂತರ ಮೊದಲ ಬಾರಿಗೆ, ಜನಸಂಖ್ಯೆ ಒಂದಿಷ್ಟು ಏರಿತು ಎಂದು ಜನಗಣತಿ ಇಲಾಖೆ ಅಂದಾಜು ಮಾಡಿದೆ.

ಯಾರೇ ನೆಂಟರು ಬಂದರೂ ಮೊದಲು ಗಾರ್ಡಿಯನ್ ಬಿಲ್ಡಿಂಗಿಗೆ ಕರೆದೊಯ್ಯುತ್ತೇನೆ. 1929ರದ್ದು, ಕಿತ್ತಳೆ ಬಣ್ಣದ ಇಟ್ಟಿಗೆ, ಒಳಗೆ ಚಾವಣಿ ತುಂಬ ಬಣ್ಣದ ಬಿಲ್ಲೆ. ಟಿಕೆಟ್ ಇಲ್ಲ. ವಾಪಸ್ ಬರುವಾಗ ಬೇಕೆಂದೇ ಹೈವೇ ಬಿಟ್ಟು ಗ್ರ್ಯಾಂಡ್ ರಿವರ್ ರಸ್ತೆ ಹಿಡಿಯುತ್ತೇನೆ. ಊರು 139 ಚದರ ಮೈಲಿ. ಡೌನ್‌ಟೌನ್ ಅದರಲ್ಲೊಂದು ಅಂಗೈ ಅಗಲ. ಹತ್ತು ನಿಮಿಷ ಬಂದರೆ ಸಾಕು, ಮನೆಯಿದ್ದ ಕಡೆ ಹುಲ್ಲು, ಷಟರ್ ಎಳೆದ ಅಂಗಡಿಗಳು, ನಡುವೆ ಅಚ್ಚುಕಟ್ಟಾಗಿ ಅಂಗಳ ಇಟ್ಟುಕೊಂಡ ಒಂದೆರಡು ಮನೆ.

ಆವತ್ತೂ ಹಾಗೇ ಬಂದೆವು. ಮಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಸುಮಾರು ದೂರ ಬಂದ ಮೇಲೆ ಕೇಳಿದರು: "ಆ ರಿಪೇರಿಯವರು ಇಲ್ಲಿಗೆ ಯಾವಾಗ ಬರ್ತಾರಂತೆ?"