ಹಸಿರು ಚುಕ್ಕೆ ನಂಬಿ ಕೂತ ದಿನ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಒಂದು ಸೀರಿಯಲ್ ಕೇಬಲ್ ಲಿನಕ್ಸ್ ಯಂತ್ರಕ್ಕೆ ಬರುತ್ತದೆ. ಹಿನ್ನೆಲೆಯಲ್ಲಿ ಓಡುವ ಸಣ್ಣ ಪೈಥಾನ್ ಪ್ರೋಗ್ರಾಂ ಚೀಲದ ತೂಕ ಓದಿ ಡೇಟಾಬೇಸಿಗೆ ಬರೆಯುತ್ತದೆ. ಅಡಿಕೆ ರಾಶಿಯಿರಲಿ, ಬೆಟ್ಟೆಯಿರಲಿ, ಗೊರಬಲಿರಲಿ, ರೈತರ ಪಟ್ಟಿ, ಅಂದರೆ ಹಣದ ಲೆಕ್ಕದ ಚೀಟಿ, ಆಗುವುದು ಈ ತೂಕದ ಮೇಲೆಯೇ.

ಮೊದಲು ಅದನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸುತ್ತಿದ್ದೆ. ಆಷಾಢದ ಮಳೆ ಹಿಡಿದು ಕರೆಂಟು ಪದೇ ಪದೇ ಹೋಗತೊಡಗಿದಾಗ ಅದನ್ನು ಸಿಸ್ಟಮ್‌ಡಿ ಸರ್ವೀಸ್ ಮಾಡಿದೆ; ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವುದು ಈ ಸಿಸ್ಟಮ್‌ಡಿ. ಬಿದ್ದರೆ ತಾನೇ ಏಳಲಿ ಎಂದು ರೀಸ್ಟಾರ್ಟ್ ಸಾಲನ್ನೂ ಹಾಕಿದೆ. ಆದರೂ ಒಂದು ಬೆಳಿಗ್ಗೆ ಅದು ಎದ್ದಿರಲಿಲ್ಲ. ಸಿಸ್ಟಮ್‌ಡಿ ಬರೆದಿಡುವ ದಾಖಲೆ, ಜರ್ನಲ್, ತೆಗೆದು ನೋಡಿದರೆ ಕಾರಣ ಸಿಕ್ಕಿತು: ನಾವೇನೂ ಹೇಳದಿದ್ದರೆ ಸಿಸ್ಟಮ್‌ಡಿ 100 ಮಿಲಿಸೆಕೆಂಡಿಗೊಮ್ಮೆ ಮತ್ತೆ ಎಬ್ಬಿಸಲು ನೋಡುತ್ತದೆ, 10 ಸೆಕೆಂಡಿನೊಳಗೆ 5 ಸಲ ಆಯಿತೆಂದರೆ ಕೈಬಿಡುತ್ತದೆ. ಸೀರಿಯಲ್ ಕೇಬಲನ್ನು ಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಪರಿವರ್ತಕ ಸಿದ್ಧವಾಗುವ ಮೊದಲೇ ಐದೂ ಪ್ರಯತ್ನ ಮುಗಿದಿದ್ದವು. ಪ್ರತಿ ಸಲ ಎಬ್ಬಿಸುವ ಮುನ್ನ 10 ಸೆಕೆಂಡು ಕಾಯಲಿ ಎಂದು ರೀಸ್ಟಾರ್ಟ್‌ಸೆಕ್ 10 ಎಂದು ಬರೆದೆ, ಅಷ್ಟಕ್ಕೆ ಸರಿಹೋಯಿತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಒಂದು ಸಂಜೆ ಮಂಡಿಯ ಲೆಕ್ಕ ಬರೆಯುವ ರೈಟರಣ್ಣ ಬಂದು, "ಅಲ್ಲ ಮಾರಾಯ, ಬೆಳಿಗ್ಗೆಯಿಂದ ಒಂದು ತೂಕಾನೂ ಬಂದಿಲ್ವಲ್ಲೋ" ಅಂದರು. ಸರ್ವೀಸಿನ ಸ್ಟೇಟಸ್ ನೋಡಿದೆ. ಹಸಿರು ಚುಕ್ಕೆ, ಪಕ್ಕದಲ್ಲಿ ಆಕ್ಟಿವ್, ರನ್ನಿಂಗ್. ಜರ್ನಲ್‌ನಲ್ಲಿ ಒಂದು ದೋಷವೂ ಇಲ್ಲ. "ಇಲ್ಲಣ್ಣ, ಓಡ್ತಾ ಇದೆ" ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತದೆ. ತಕ್ಕಡಿಯ ಹತ್ತಿರ ಹೋಗಿ ಬಗ್ಗಿ ನೋಡಿದರೆ, ಚೀಲ ಎಳೆಯುವಾಗ ತಾಗಿ ಕೇಬಲ್ಲಿನ ತುದಿ ಅರ್ಧ ಕಳಚಿತ್ತು. ಅದರ ಎರಡು ತಿರುಪುಗಳನ್ನು ಯಾರೂ ಬಿಗಿದೇ ಇರಲಿಲ್ಲ.

ಪ್ರೋಗ್ರಾಂ ಸತ್ತಿರಲಿಲ್ಲ, ಮುಂದಿನ ಅಕ್ಷರಕ್ಕಾಗಿ ಕಾಯುತ್ತಾ ಕೂತಿತ್ತು. ಓದುವುದಕ್ಕೆ ನಾನು ಟೈಮ್‌ಔಟ್ ಇಟ್ಟಿರಲಿಲ್ಲ, ಹಾಗಾಗಿ ಎಷ್ಟು ಹೊತ್ತಾದರೂ ಕಾಯುತ್ತಿತ್ತು. ಸಿಸ್ಟಮ್‌ಡಿಗೆ ಗೊತ್ತಿರುವುದು ಪ್ರೋಸೆಸ್ ಬದುಕಿದೆಯೋ ಇಲ್ಲವೋ ಎಂಬುದಷ್ಟೆ. ತೂಕ ಬರುತ್ತಿದೆಯೇ ಎಂದು ಅದಕ್ಕೆ ಹೇಳಿಕೊಡಬೇಕಾದವನು ನಾನು. ಕೈಚೀಟಿಗಳಿದ್ದವು, ತೂಕ ಹೋಗಲಿಲ್ಲ. ಆದರೆ ಎಲ್ಲವನ್ನೂ ಮತ್ತೆ ಟೈಪ್ ಮಾಡುವಷ್ಟರಲ್ಲಿ ರಾತ್ರಿಯಾಯಿತು. ಪಟ್ಟಿಗೆ ಕಾದಿದ್ದ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಬರಿಗೈಲಿ ಬಸ್ಸು ಹತ್ತಿದರು.

ಮೊದಲು ವಾಚ್‌ಡಾಗ್ ಹಾಕೋಣ ಅನ್ನಿಸಿತು. ಪ್ರೋಗ್ರಾಂ ಹೊತ್ತುಹೊತ್ತಿಗೆ ಸಂಕೇತ ಕಳಿಸಬೇಕು, ಕಳಿಸದಿದ್ದರೆ ಸಿಸ್ಟಮ್‌ಡಿ ಅದನ್ನು ಕೊಂದು ಮತ್ತೆ ಎಬ್ಬಿಸುತ್ತದೆ. ಸಿಕ್ಕಿಬಿದ್ದ ಪ್ರೋಗ್ರಾಮಿಗೆ ಅದು ಒಳ್ಳೆಯ ಮದ್ದು. ಆದರೆ ಕಳಚಿದ ಕೇಬಲ್ಲಿಗೆ ಎಷ್ಟು ಸಲ ಎಬ್ಬಿಸಿ ಏನು ಫಲ? ಅಲ್ಲಿಗೆ ಮನುಷ್ಯನೇ ಬರಬೇಕು.

ನಮ್ಮ ತಕ್ಕಡಿ ಖಾಲಿಯಿದ್ದರೂ ಸೊನ್ನೆ ಕಳಿಸುತ್ತಲೇ ಇರುತ್ತದೆ. ಅಂದರೆ ಮೌನವೇ ತೊಂದರೆಯ ಗುರುತು. ಈಗ ಪ್ರೋಗ್ರಾಂ ಪ್ರತಿ ಸಲ ಓದಿದಾಗ, ಅದು ಸೊನ್ನೆಯಾದರೂ ಸರಿ, ಒಂದು ಫೈಲಿನ ಸಮಯವನ್ನು ಹೊಸದು ಮಾಡುತ್ತದೆ. ಬೇರೆಯದೇ ಒಂದು ಟೈಮರ್ ನಿಮಿಷಕ್ಕೊಮ್ಮೆ ಆ ಫೈಲ್ ನೋಡುತ್ತದೆ. ಎರಡು ನಿಮಿಷಕ್ಕಿಂತ ಹಳೆಯದಾಗಿದ್ದರೆ ತೂಕದ ಕಟ್ಟೆಯ ಮೇಲಿನ ಬಜರ್ ಕೂಗುತ್ತದೆ. ಸಂದೇಶ ನನ್ನ ಫೋನಿಗಷ್ಟೇ ಬಂದರೆ ಸಾಲದು, ಕೇಬಲ್ ಹತ್ತಿರ ಇರುವವರು ಹಮಾಲರು.

ಬಜರ್ ಹಾಕಿದ ದಿನ ಅವರೆದುರೇ ಕೇಬಲ್ ಕಿತ್ತೆ. ಕೂಗಿತು. ಅವರಲ್ಲೊಬ್ಬರು ತಾವೇ ಬಗ್ಗಿ ಸಿಕ್ಕಿಸಿ ಎರಡೂ ತಿರುಪು ಬಿಗಿದರು. ನಿಂತಿತು. ಪ್ರತಿ ತಿಂಗಳ ಮೊದಲ ದಿನ ಬಾಗಿಲು ತೆರೆಯುವ ಮುಂಚೆ ಹಾಗೆ ಕಿತ್ತು ನೋಡುತ್ತೇವೆ.

ಇನ್ನೊಂದು ಬಾಕಿಯಿದೆ. ಆ ಯಂತ್ರವೇ ಕೆಟ್ಟು ನಿಂತರೆ ಅದರೊಳಗಿನ ಟೈಮರೂ ನಿಲ್ಲುತ್ತದೆ, ಬಜರ್ ಕೂಗುವುದಿಲ್ಲ. ಆ ಫೈಲನ್ನು ಬಿಲ್ ಕೌಂಟರಿನ ಯಂತ್ರದಿಂದಲೂ ನೋಡುವ ವ್ಯವಸ್ಥೆಯನ್ನು ಈ ವಾರ ಮಾಡುತ್ತಿದ್ದೇನೆ.