ವೇದಿಕೆ ಇಲ್ಲದ ತರಗತಿ

ಭೂಗೋಳದ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮಧ್ಯರಾತ್ರಿಯವರೆಗೂ ಸಂದೇಶಗಳು ಬರುತ್ತಲೇ ಇದ್ದವು. ಮಾರುತಗಳ ವಿಧ, ಮಣ್ಣಿನ ಬಗೆ, ನದಿಗಳ ಉದ್ದ ಇದ್ಯಾವುದೂ ಯಾರಿಗೂ ನೆನಪಿರಲಿಲ್ಲ. ಎಲ್ಲರ ನೆನಪಿನಲ್ಲಿ ಉಳಿದದ್ದು ಅವರ ಕೋಲು. ಅದು ಯಾರ ಬೆನ್ನಿನ ಮೇಲೂ ಬಿದ್ದ ಕೋಲಲ್ಲ. ಗೋಡೆಯ ನಕ್ಷೆಯ ಮೇಲೆ ಮಾತ್ರ ಓಡಾಡುತ್ತಿತ್ತು.

ಆಫ್ರಿಕಾದ ನಕ್ಷೆ ಬಿಚ್ಚಿದ ದಿನ ಅವರು ರಾಜಧಾನಿಗಳ ಹೆಸರು ಕೇಳಲಿಲ್ಲ. ಕೋಲಿನ ತುದಿಯನ್ನು ಒಂದು ಗಡಿರೇಖೆಯ ಮೇಲೆ ಎಳೆದುಕೊಂಡು ಹೋಗಿ, "ಅಡಿಪಟ್ಟಿ ಇಟ್ಟು ಗೀಚಿದ ಹಾಗಿದೆ ನೋಡ್ರಪ್ಪಾ. ನದಿ ಹೀಗೆ ಹರಿಯುತ್ತದಾ? ಬೆಟ್ಟ ಹೀಗೆ ನಿಲ್ಲುತ್ತದಾ? ಹಾಗಾದರೆ ಇದನ್ನು ಎಳೆದವರು ಯಾರು? ಎಲ್ಲಿ ಕೂತು ಎಳೆದರು?" ಎಂದರು. 1884–85ರ ಬರ್ಲಿನ್ ಸಮ್ಮೇಳನದ ಕಥೆ ನಾವು ಕೇಳಿದ್ದು ಹಾಗೆ. ಆಫ್ರಿಕಾದ ನೆಲಕ್ಕೆ ಹಕ್ಕು ಹೂಡುವ ನಿಯಮಗಳನ್ನು ಯುರೋಪಿನ ದೇಶಗಳು ಅಲ್ಲಿ ಮಾಡಿಕೊಂಡವು. ಆ ಮೇಜಿನ ಸುತ್ತ ಆಫ್ರಿಕಾದವನೊಬ್ಬನೂ ಇರಲಿಲ್ಲ. "ಯಾರು ಇದ್ದರು ಅನ್ನೋದನ್ನ ಪುಸ್ತಕ ಹೇಳುತ್ತೆ. ಯಾರಿಗೆ ಕುರ್ಚಿ ಹಾಕಿರಲಿಲ್ಲ ಅನ್ನೋದನ್ನ ನೀವು ಕೇಳಬೇಕು" ಎನ್ನುವುದು ಅವರು ಪದೇ ಪದೇ ಹೇಳುತ್ತಿದ್ದ ಮಾತು. ನನ್ನ ವೃತ್ತಿಜೀವನ ನಿಂತಿರುವುದೇ ಈ ಮಾತಿನ ಮೇಲೆ.

ಅವರಿಗೆ ತದ್ವಿರುದ್ಧ ನಮ್ಮ ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ, ಎತ್ತರದ ಪ್ರಕಾರ ನಿಲ್ಲಿಸಿ, ಗೆರೆ ದಾಟಿದ ಹೆಬ್ಬೆರಳನ್ನೂ ದೂರದಿಂದಲೇ ಗುರುತಿಸುತ್ತಿದ್ದರು. ಅವರ ಸೀಟಿ ಊದಿದರೆ ಇಡೀ ಶಾಲೆ ಒಂದೇ ಮೈಯಾಗುತ್ತಿತ್ತು. ಅವರೂ ದೊಡ್ಡ ಮನುಷ್ಯರೇ. ಜ್ವರ ಬಂದ ಹುಡುಗನನ್ನು ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದ್ದನ್ನು ನಾನು ನೋಡಿದ್ದೇನೆ.

ಈಗ ವೇದಿಕೆಯ ವಿಷಯ. ಹತ್ತನೇ ತರಗತಿಯ ಕೊಠಡಿಯಲ್ಲಿ ಕರಿಹಲಗೆಯ ಕೆಳಗೆ ಒಂದು ಮರದ ವೇದಿಕೆ ಇತ್ತು. ಮೇಷ್ಟ್ರುಗಳೆಲ್ಲ ಅದರ ಮೇಲೆ ನಿಂತೇ ಪಾಠ ಮಾಡುತ್ತಿದ್ದರು. ಒಂದು ಸಂಜೆ ನಾವು ನಾಲ್ಕೈದು ಜನ ಅದನ್ನು ಎತ್ತಿಕೊಂಡು ಹೋಗಿ ಆಟದ ಸಾಮಾನಿನ ಕೋಣೆಯಲ್ಲಿ ಚಾಪೆಗಳ ಹಿಂದೆ ಬಚ್ಚಿಟ್ಟೆವು. ಅಷ್ಟಕ್ಕೇ ಸುಮ್ಮನಾಗದೆ ಬೆಂಚುಗಳನ್ನೆಲ್ಲ ಗುಂಡಗೆ ಜೋಡಿಸಿದೆವು. ಗುಂಡಗೆ ಜೋಡಿಸುವ ಯೋಚನೆ ನನ್ನದೇ. ಮೊದಲ ಪೀರಿಯಡ್ಡೇ ಭೂಗೋಳ.

ಮೇಷ್ಟ್ರು ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಬಂದು ಹುಡುಗರ ನಡುವೆ ಒಂದು ಬೆಂಚಿನಲ್ಲಿ ಕೂತು, "ಈಗ ಹಿಂದಿನ ಬೆಂಚು ಯಾವುದು?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತರು. ನಮ್ಮೆಲ್ಲರ ಮುಖಗಳೂ ಆ ಕಡೆಗೆ ತಿರುಗಿದವು. "ವೇದಿಕೆ ಹೋಯ್ತು, ನಿಮ್ಮ ಕತ್ತಿಗೆ ಅದಿನ್ನೂ ತಿಳಿದಿಲ್ಲ" ಎಂದರು. ಬಳಿಕ ಸುತ್ತ ಬೆರಳು ತೋರಿಸಿ, ಈ ವೃತ್ತದಲ್ಲಿ ಎರಡು ಕಡೆ ಜಾಗ ಖಾಲಿ ಬಿಟ್ಟಿದ್ದು ಯಾಕೆ ಎಂದು ಕೇಳಿದರು. ಆಗ ಕಣ್ಣಿಗೆ ಬಿತ್ತು: ಹುಡುಗರೆಲ್ಲ ಅರ್ಧ ವೃತ್ತ, ಹುಡುಗಿಯರೆಲ್ಲ ಇನ್ನರ್ಧ. ಹಾಗೆ ಕೂರಿ ಎಂದು ಆ ಬೆಳಿಗ್ಗೆ ಯಾರೂ ಯಾರಿಗೂ ಹೇಳಿರಲಿಲ್ಲ.

ಅವತ್ತು ಪಾಠ ಪುಸ್ತಕದಾಚೆಗೆ ಹೋಯಿತು. 1941ರಲ್ಲಿ ಬಾಂಬಿಗೆ ಸುಟ್ಟುಹೋದ ಬ್ರಿಟನ್ನಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಸಭಾಂಗಣವನ್ನು ಮತ್ತೆ ಕಟ್ಟುವಾಗ, ಅದು ಅರ್ಧ ವೃತ್ತವಾಗಬಾರದು, ಹಳೆಯ ಹಾಗೆ ಎರಡು ಪಕ್ಷಗಳು ಎದುರುಬದುರು ಕೂರುವ ಆಯತವೇ ಆಗಬೇಕು, ಎಲ್ಲ ಸದಸ್ಯರಿಗೂ ಸಾಲುವಷ್ಟು ದೊಡ್ಡದಾಗಲೂ ಬಾರದು ಎಂದು ಚರ್ಚಿಲ್ 1943ರಲ್ಲಿ ವಾದಿಸಿದ್ದರಂತೆ. ಈಗಲೂ ಅಲ್ಲಿ 650 ಸದಸ್ಯರಿಗೆ ಇರುವುದು ಸುಮಾರು 427 ಆಸನ. ವಿಯೆಟ್ನಾಂ ಯುದ್ಧ ನಿಲ್ಲಿಸಲೆಂದು ಪ್ಯಾರಿಸ್‌ನಲ್ಲಿ ಸೇರಿದವರು ಮೇಜಿನ ಆಕಾರಕ್ಕಾಗಿಯೇ ವಾರಗಟ್ಟಲೆ ಜಗಳವಾಡಿದ ಸಂಗತಿಯನ್ನೂ ಹೇಳಿದರು. ತನ್ನ ವಿರುದ್ಧ ಬಂಡೆದ್ದಿದ್ದ ವಿಯೆಟ್ ಕಾಂಗ್ ಕಡೆಯವರನ್ನು ತನಗೆ ಸಮಾನವಾದ ಪಕ್ಷವೆಂದು ಒಪ್ಪಲು ದಕ್ಷಿಣ ವಿಯೆಟ್ನಾಂ ಸಿದ್ಧವಿರಲಿಲ್ಲ. ಮೇಜಿಗೆ ಎಷ್ಟು ಬದಿ ಎನ್ನುವುದರಲ್ಲೇ ಆ ಒಪ್ಪಿಗೆ ಅಡಗಿತ್ತು. 1969ರ ಜನವರಿಯಲ್ಲಿ ದುಂಡು ಮೇಜು, ಅದರ ಪಕ್ಕಕ್ಕೆ ಎರಡು ಚಿಕ್ಕ ಆಯತದ ಮೇಜು ಎಂದು ತೀರ್ಮಾನವಾಗುವ ಹೊತ್ತಿಗೆ ಎಷ್ಟು ಜನ ಸತ್ತಿದ್ದರೋ ಎಂದು ಹೇಳುವಾಗ ಮೇಷ್ಟ್ರ ದನಿ ಇಳಿದಿತ್ತು.

ಮಧ್ಯಾಹ್ನಕ್ಕೆ ಡ್ರಿಲ್ ಮೇಷ್ಟ್ರು ವೇದಿಕೆಯನ್ನು ಪತ್ತೆ ಹಚ್ಚಿದರು. ಅದನ್ನು ನಮ್ಮ ತಲೆಯ ಮೇಲೆ ಹೊರಿಸಿ ಮೈದಾನ ಸುತ್ತಿಸಿ, ಮೊದಲಿದ್ದ ಜಾಗದಲ್ಲೇ ಇಡಿಸಿದರು. ಭೂಗೋಳದ ಮೇಷ್ಟ್ರು ಮಾತ್ರ ಆಮೇಲೆ ಅದನ್ನು ಹತ್ತಲಿಲ್ಲ.

ಅವರ ಪಾಠಗಳಲ್ಲೆಲ್ಲ ನನ್ನನ್ನು ಬಹಳ ಕಾಡಿದ್ದು ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಯ ಪಾಠ. ಸಾರ್ವಜನಿಕ ಕೆರೆ, ಬಾವಿ, ಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಬಾಂಬೆ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್‌ನ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತ ಎಂದಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಿತ್ತು, ಆದರೆ ಕೆರೆಯ ಮೆಟ್ಟಿಲಿಳಿಯಲು ಬಿಡುವವರಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕೈಯಲ್ಲಿ ಎತ್ತಿ ಕುಡಿದರು. ಅದೇ ದಿನ ಅವರ ಜನರ ಮೇಲೆ ಹಲ್ಲೆಯಾಯಿತು, ಆಮೇಲೆ ಮೇಲ್ಜಾತಿಯವರು ಕೆರೆಯನ್ನು "ಶುದ್ಧ" ಮಾಡಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಬಾಂಬೆ ಹೈಕೋರ್ಟ್ ಅಂಬೇಡ್ಕರ್ ಅವರ ಕಡೆ ತೀರ್ಪು ಕೊಟ್ಟಾಗ 1937. ಒಂದು ಕೆರೆಯ ದಡದಿಂದ ನೀರಿನವರೆಗಿನ ದೂರ ಎಷ್ಟು ಎಂದು ಮೇಷ್ಟ್ರು ಕೇಳಿದರು. ನಾಲ್ಕು ಹೆಜ್ಜೆ ಎಂದ ಹುಡುಗನನ್ನು ಕೂರಿಸಿ, "ಲೆಕ್ಕ ಮತ್ತೆ ಹಾಕು" ಎಂದರು. ತರಗತಿಯಲ್ಲಿ ಕೆಲವರು ತಲೆ ತಗ್ಗಿಸಿದ್ದರು, ಕೆಲವರು ಮೊದಲ ಸಲ ತಲೆ ಎತ್ತಿದ್ದರು. ಆ ಎರಡನ್ನೂ ನಾನು ಮರೆತಿಲ್ಲ.

ನಾನು ವಾಸ್ತುಶಿಲ್ಪಿಯಾದೆ. ಸರ್ಕಾರಿ ಕಚೇರಿಗಳ ನಕ್ಷೆ ಮಾಡುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ನಾನು ವಿನ್ಯಾಸ ಮಾಡಿದ ಯಾವ ಕಚೇರಿಯಲ್ಲೂ ಅರ್ಜಿ ಹಿಡಿದು ಬಂದವರು ಸಣ್ಣ ಕಿಂಡಿಗೆ ಬಗ್ಗಿ ಮಾತಾಡಬೇಕಾಗಿಲ್ಲ. ಅವರಿಗೂ ಕುರ್ಚಿ ಇದೆ, ಅಧಿಕಾರಿಯ ಕುರ್ಚಿಯಷ್ಟೇ ಎತ್ತರದ್ದು. ಇದಕ್ಕಾಗಿ ಮೇಲಿನವರ ಜೊತೆ ವಾದ ಮಾಡಿದ್ದೇನೆ, ಗೆದ್ದಿದ್ದೇನೆ. ಗಾಲಿಕುರ್ಚಿಯವರಿಗೆ ಹಿಂಬಾಗಿಲಲ್ಲಿ ಇಳಿಜಾರು ಮಾಡಿ ಕೈತೊಳೆದುಕೊಳ್ಳುವ ಪದ್ಧತಿಯನ್ನೂ ನಾನು ಒಪ್ಪಿಲ್ಲ. ಮುಂಬಾಗಿಲು ಎಲ್ಲರಿಗೂ ಒಂದೇ.

ಇಂದಿನ ಶಾಲೆಗಳನ್ನು ನೋಡಿದಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಗೋಡೆಯ ನಕ್ಷೆ ಹೋಗಿ ಸ್ಮಾರ್ಟ್ ಬೋರ್ಡ್ ಬಂದಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಭೂಗೋಳವೆಂದರೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದಷ್ಟೇ ಆಗಿದೆ. ಕೆಲವು ಕಡೆ ಅಂಕಗಳ ಪ್ರಕಾರ ಮಕ್ಕಳನ್ನು ಕೂರಿಸುತ್ತಾರೆ. ತರಗತಿಯ ಮೂಲೆಯಲ್ಲಿ ಕ್ಯಾಮೆರಾ. ನೋಡುವವನು ಇದ್ದಾನೋ ಇಲ್ಲವೋ ಎಂಬುದೇ ಕೈದಿಗಳಿಗೆ ತಿಳಿಯಬಾರದು, ಆಗ ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ ಜೆರೆಮಿ ಬೆಂಥಮ್ ನಡುವೆ ಗೋಪುರವಿರುವ ಸೆರೆಮನೆಯೊಂದರ ಯೋಜನೆಯನ್ನು 1791ರಲ್ಲಿ ಪ್ರಕಟಿಸಿದ್ದ. ಹದಿನಾಲ್ಕು ವರ್ಷದ ಮಕ್ಕಳಿಗೆ ಆ ಲೆಕ್ಕ ಯಾಕೆ? ಇಂಥ ಕೊಠಡಿಯಲ್ಲಿ ವೇದಿಕೆ ಎತ್ತಿಕೊಂಡು ಹೋಗುವ ಹುಡುಗರು ಹುಟ್ಟುವುದಾದರೂ ಹೇಗೆ?

ನಮ್ಮ ಶಾಲೆಗೆ ಹೊಸ ಸಭಾಂಗಣ ಕಟ್ಟುತ್ತಾರೆಂದು ತಿಳಿಯಿತು. ಅದರ ನಕ್ಷೆಯನ್ನು ಸಂಭಾವನೆ ಇಲ್ಲದೆ ಮಾಡಿಕೊಡಲು ಒಪ್ಪಿದ್ದೇನೆ. ಒಂದೇ ಷರತ್ತು ಹಾಕಿ ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇನೆ: ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಸಭೆಗೆ ಪ್ರತಿ ತರಗತಿಯಿಂದ ಇಬ್ಬರು ವಿದ್ಯಾರ್ಥಿಗಳನ್ನು ಕರೆಯಬೇಕು, ಅವರ ಅಭಿಪ್ರಾಯ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಈ ಸಂಚಿಕೆ ಓದುತ್ತಿರುವ ಮಕ್ಕಳು ಅಷ್ಟರೊಳಗೆ ತಮ್ಮ ತಮ್ಮ ಕೊಠಡಿಯ ನಕ್ಷೆ ಬರೆದು ಇಟ್ಟುಕೊಂಡಿರಲಿ.